ಹೆಡ್‌ಫೋನಿಗೆ ವಾಲ್ವ್ ಆಂಪ್ ಬೇಕಾ?

ಪರ: ಧಾರವಾಡದಿಂದ ಕಾಕಾ

ನಮ್ಮ ಮಾಳಮಡ್ಡಿ ಮನೆಯಲ್ಲಿ ಒಂದು ವಾಲ್ವ್ ರೇಡಿಯೊ, ಅಂದರೆ ಗಾಜಿನ ಬುರುಡೆಗಳ ಮೇಲೆ ನಡೆಯುವ ರೇಡಿಯೊ, ಇತ್ತು. ಸ್ವಿಚ್ ಹಾಕಿದ ಕೂಡಲೇ ಅದು ಮಾತಾಡುತ್ತಿರಲಿಲ್ಲ. ಒಳಗಿನ ತಂತಿ ಕಾದು ಕೆಂಪಾಗಬೇಕು, ಮುಂದಿನ ಹಸಿರು ಕಣ್ಣು ಬಿಚ್ಚಬೇಕು, ಆಮೇಲೆ ಆಕಾಶವಾಣಿ ಧಾರವಾಡ. ಅಷ್ಟರೊಳಗೆ ಅಪ್ಪ ಎಲೆ ಅಡಿಕೆ ಹಾಕಿಕೊಂಡು ಕುರ್ಚಿ ಎಳೆದುಕೊಂಡಿರುತ್ತಿದ್ದರು. ಆ ನಿಲಯ ಶುರುವಾಗಿದ್ದು 1950ರ ಜನವರಿ 8ರಂದು. ವಾಲ್ವಿನ ಜಾಗಕ್ಕೆ ಆಮೇಲೆ ಬಂದ ಟ್ರಾನ್ಸಿಸ್ಟರ್ ಹುಟ್ಟಿ ಆಗ ಎರಡೇ ವರ್ಷ. ಅಂದರೆ ಮಲ್ಲಿಕಾರ್ಜುನ ಮನ್ಸೂರರ, ಗಂಗೂಬಾಯಿ ಹಾನಗಲ್ಲರ ದನಿ ರೇಡಿಯೊದಲ್ಲಿ ನಮ್ಮ ಕಡೆಯ ಮನೆಗಳಿಗೆ ಮೊದಮೊದಲು ಬಂದದ್ದೇ ವಾಲ್ವ್ ದಾಟಿಕೊಂಡು.

ಈ ನೆನಪಿಗೋಸ್ಕರವೇ ನಾನು ಹೆಡ್‌ಫೋನಿಗೆ ವಾಲ್ವ್ ಆಂಪ್ (ದನಿ ಹಿಗ್ಗಿಸುವ ಡಬ್ಬಿ) ಕೊಂಡೆ ಅಂತ ನನ್ನ ಅಣ್ಣನ ಮಗ ಹೇಳುತ್ತಾನೆ. ಪೂರ್ತಿ ಸುಳ್ಳಲ್ಲ. ಆದರೆ ನೆನಪಿನ ರುಚಿ ಒಂದು ವಾರ ಇದ್ದೀತು. ನಾನು ನಾಲ್ಕು ವರ್ಷದಿಂದ ದಿನಾ ರಾತ್ರಿ ಕೇಳುತ್ತಿದ್ದೇನೆ.

ತಂಬೂರಿಯನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತಿರುತ್ತದೆ. ತಂತಿಗಳನ್ನು ಹೊತ್ತ ಪಟ್ಟಿಗೆ ಕುದುರೆ ಅನ್ನುತ್ತಾರೆ. ಆ ಕುದುರೆಯ ಮೇಲೆ ತಂತಿಯ ಕೆಳಗೆ ಒಂದು ಸಣ್ಣ ನೂಲೆಳೆ ಇಟ್ಟಿರುತ್ತಾರೆ. ಅದನ್ನು ಚೂರು ಹಿಂದೆ ಮುಂದೆ ಸರಿಸುತ್ತ ಹೋದರೆ ಒಂದು ಜಾಗದಲ್ಲಿ ತಂತಿ ಕುದುರೆಯನ್ನು ಸವರಿಕೊಂಡು ಮಿಡಿಯತೊಡಗುತ್ತದೆ, ನಾದ ಒಮ್ಮೆಗೇ ಬಿಚ್ಚಿಕೊಳ್ಳುತ್ತದೆ. ಅದೇ ಜವಾರಿ. ನಮ್ಮ ಕಡೆ ನಾಟಿ ಅನ್ನುವ ಅರ್ಥದಲ್ಲಿ ಜವಾರಿ ಸೌತೆಕಾಯಿ, ಜವಾರಿ ತತ್ತಿ ಅಂತಲೂ ಅನ್ನುತ್ತೇವೆ. ಒಂದೇ ಶಬ್ದ ಎರಡೂ ಕಡೆ ಬರುವುದು ನನಗೆ ಬಹಳ ಖುಷಿ. ಜವಾರಿ ಹಿಡಿದ ತಂತಿಯಲ್ಲಿ ಸ ಒಂದೇ ಬರುವುದಿಲ್ಲ. ಅದರ ಬೆನ್ನಿಗೆ ಮೇಲಿನ ಸ, ಅದರಾಚೆ ಪ, ಇನ್ನೂ ಮೇಲೆ ಗ.

ವಾಲ್ವ್ ಮಾಡುವುದೂ ಸ್ವಲ್ಪ ಇದನ್ನೇ. ಟ್ರಯೋಡ್ ಎಂಬ ಬಗೆಯ ವಾಲ್ವಿಗೆ ಒಂದು ಸ್ವರ ಕೊಟ್ಟರೆ ಅದು ಎರಡರಷ್ಟು ಕಂಪನದ ಇನ್ನೊಂದನ್ನು ಚೂರು ಬೆರೆಸಿ ಕೊಡುತ್ತದೆ. ಎರಡರಷ್ಟು ಅಂದರೆ ಮೇಲಿನ ಸಪ್ತಕದ ಅದೇ ಸ್ವರ. ಎಂಜಿನಿಯರುಗಳು ಇದನ್ನು ಡಿಸ್ಟಾರ್ಷನ್, ಅಂದರೆ ದನಿಯ ವಿಕಾರ ಅಂತ ಬರೆದುಕೊಳ್ಳುತ್ತಾರೆ. ಬರೆದುಕೊಳ್ಳಲಿ. ನನ್ನ ಕಿವಿಗೆ ಅದು ದನಿಗೆ ಮೈ ಬಂದ ಹಾಗೆ ಕೇಳಿಸುತ್ತದೆ.

‘ನನ್ನ ಟ್ರಾನ್ಸಿಸ್ಟರ್ ಆಂಪಿನಲ್ಲಿ ಡಿಸ್ಟಾರ್ಷನ್ ಶೇ. 0.001 ಮಾತ್ರ’ ಅಂತ ಹುಡುಗ ಮೀಸೆ ತಿರುವುತ್ತಾನೆ. ಅವನ ಕಿವಿಯ ಮೇಲಿನ ಹೆಡ್‌ಫೋನ್ ತಾನೇ ಅದರ ಎಷ್ಟೋ ಪಟ್ಟು ಮಾಡುತ್ತದೆ, ಅದೂ ಖರ್ಜದ ಕೆಳಗಿನ ಸ್ವರಗಳಲ್ಲಿ. ಹೆಡ್‌ಫೋನ್ ಬದಲಿಸಿದರೆ ಇಡೀ ದನಿಯೇ ಬದಲಾಗುತ್ತದೆ. ಯಾವುದು ಅಸಲು, ಯಾವುದು ನಕಲು? ಬೇರೆಲ್ಲ ಕಡೆ ಬಣ್ಣ ಒಪ್ಪಿಕೊಂಡು ಆಂಪಿನ ಹತ್ತಿರ ಬಂದಾಗ ಮಾತ್ರ ಮಡಿ ಮಾಡಿದರೆ ಹೇಗೆ?

ಇನ್ನೊಂದು ಮಾತು. ನನ್ನ ಆಂಪ್ ಹದಕ್ಕೆ ಬರಲು 15-20 ನಿಮಿಷ ಬೇಕು. ಅಷ್ಟು ಕಾದವನು ಎರಡು ನಿಮಿಷಕ್ಕೊಂದು ಹಾಡು ಬದಲಿಸುವುದಿಲ್ಲ. ನಿಧಾನ ಲಯದ ವಿಲಂಬಿತ ಖಯಾಲನ್ನು ಪೂರ್ತಿ ಕೇಳುವ ಚಟ ನನಗೆ ಈ ವಯಸ್ಸಿನಲ್ಲಿ ಮತ್ತೆ ಹತ್ತಿದ್ದು ಹೀಗೆ. ಮತ್ತೆ, ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಒಂದು ಕಾಲಕ್ಕೆ ರೇಡಿಯೊ ವಾಲ್ವ್ ತಯಾರಿಸುತ್ತಿತ್ತು. ಮುಚ್ಚಲಿದ್ದ ಒಂದು ರಿಪೇರಿ ಅಂಗಡಿಯ ಬಿಸ್ಕಿಟ್ ಡಬ್ಬಿಯಲ್ಲಿ ಅದರದೊಂದು ಸಣ್ಣ ವಾಲ್ವ್ ಸಿಕ್ಕಿತು. ಒರೆಸಿ ಹಾಕಿದೆ, ಹಾಡಿತು. ಹುಡುಗನ ಆಂಪಿನಲ್ಲಿ ಕೆಟ್ಟದ್ದನ್ನು ಕಿತ್ತು ಬೇರೆ ಹಾಕಲು ಏನಿದೆ? ಕೆಟ್ಟರೆ ಎಸೆಯುವುದೇ.

ವಿರೋಧ: ಹುಬ್ಬಳ್ಳಿಯಿಂದ ಅಣ್ಣನ ಮಗ

ಕಾಕಾ ಜವಾರಿ ಮಾತು ತೆಗೆದದ್ದು ಒಳ್ಳೆಯದೇ ಆಯಿತು. ನನ್ನ ತಕರಾರು ಅಲ್ಲೇ ಇದೆ.

ತಂಬೂರಿಯ ಆ ನೂಲೆಳೆ ಸರಿಸಿದವರು ಯಾರು? ಹಾಡುವವರು. ತಮ್ಮ ಕಂಠಕ್ಕೆ ಹೊಂದುವವರೆಗೆ ಸರಿಸಿ, ಕೇಳಿ, ಮತ್ತೆ ಸರಿಸಿ, ಆಮೇಲೆ ಮೈಕಿನ ಮುಂದೆ ಕೂತರು. ಆ ಜವಾರಿ ರೆಕಾರ್ಡಿಂಗಿನಲ್ಲೇ ಇದೆ. ಅದರ ಮೇಲೆ ಕಾಕಾ ಇನ್ನೊಂದು ಜವಾರಿ ಹಚ್ಚುತ್ತಾರೆ. ಅದೂ ಎಲ್ಲದಕ್ಕೂ ಒಂದೇ: ತಬಲಾಕ್ಕೂ ಅದೇ, ಸಾರಂಗಿಗೂ ಅದೇ, ವಾರ್ತೆ ಓದುವವರಿಗೂ ಅದೇ. ಗಂಗೂಬಾಯಿಯವರ ದನಿ ಗಂಟಲಿನ ಚಿಕಿತ್ಸೆಯ ನಂತರ ದಪ್ಪವಾಯಿತು, ಆ ದಪ್ಪ ದನಿಯನ್ನೇ ಅವರು ಬೆಳೆಸಿಕೊಂಡರು. ಅದಕ್ಕೆ ಮೈ ತುಂಬಲು ಮಾಳಮಡ್ಡಿಯ ಒಂದು ಗಾಜಿನ ಬುರುಡೆ ಬೇಕಾ? ಆ ಕಾಲದ ಎಷ್ಟೋ ಮೈಕಿನಲ್ಲಿ, ಟೇಪ್ ಮಶೀನಿನಲ್ಲಿ ವಾಲ್ವೇ ಇರುತ್ತಿದ್ದವು. ಬೇಕಾದಷ್ಟು ವಾಲ್ವ್ ಅಲ್ಲೇ ಆಗಿದೆ.

ಮೇಲಿನ ಸಪ್ತಕದ ಸ್ವರ ಬೆರೆಯುತ್ತದೆ ಅನ್ನುವುದೂ ಅರ್ಧ ಕಥೆ. ಒಂದೇ ಸ್ವರ ಇದ್ದಾಗ ಅದು ಸರಿ. ಎರಡು ಸ್ವರ ಒಟ್ಟಿಗೆ ಬಂದರೆ ವಾಲ್ವ್ ಅವೆರಡನ್ನೂ ಕೂಡಿಸಿ, ಕಳೆದು ಹೊಸ ಕಂಪನಗಳನ್ನು ಹುಟ್ಟಿಸುತ್ತದೆ. ಸ 240 ಹರ್ಟ್ಜ್, ಅಂದರೆ ಸೆಕೆಂಡಿಗೆ 240 ಕಂಪನ ಅಂತ ಇಟ್ಟುಕೊಳ್ಳಿ. ಭೈರವ ರಾಗದ ಕೋಮಲ ರಿ ಸುಮಾರು 256. ತಂಬೂರಿ ಸ ಹಿಡಿದಿದೆ, ಗಾಯಕರು ರಿ ಮೇಲೆ ನಿಂತಿದ್ದಾರೆ. ಎರಡೂ ಕೂಡಿದರೆ 496. ತಾರ ಸ 480, ತಾರ ಕೋಮಲ ರಿ 512. ಈ 496 ಯಾವ ಸ್ವರ? ಯಾವುದೂ ಅಲ್ಲ. ಬಹಳ ಸಣ್ಣಗೆ ಇರುತ್ತದೆ, ಒಪ್ಪುತ್ತೇನೆ. ಆದರೆ ಸಣ್ಣಗಿರುವ ಮೇಲಿನ ಸ ಕೇಳಿಸುತ್ತದೆ ಅನ್ನುವವರು ಇದು ಮಾತ್ರ ಕೇಳಿಸುವುದಿಲ್ಲ ಅನ್ನಬಾರದು, ಅಲ್ವಾ?

ಕಾಕಾ ಹೇಳುವ ಮೈ ಬಹುಪಾಲು ಬರುವುದು ಬೇರೆ ಕಡೆಯಿಂದ ಅಂತ ನನ್ನ ಲೆಕ್ಕ. ಅವರ ಹೆಡ್‌ಫೋನ್ ಸೆನ್‌ಹೈಸರ್ ಎಚ್‌ಡಿ 600. ವಿದ್ಯುತ್ತಿಗೆ ಅದು ಒಡ್ಡುವ ತಡೆ ಹೆಸರಿಗೆ 300 ಓಮ್, ಆದರೆ ಕೆಳಗಿನ ಸ್ವರಗಳಲ್ಲಿ, 100 ಹರ್ಟ್ಜ್ ಆಸುಪಾಸಿನಲ್ಲಿ ಅದು 500 ಓಮ್ ದಾಟುತ್ತದೆ. ಅವರ ಆಂಪಿನಲ್ಲಿ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಇಲ್ಲ, ಹಾಗಾಗಿ ಆಂಪಿನದೇ ತಡೆ 100 ಓಮ್ ಹತ್ತಿರ ಅಡ್ಡ ಕೂತಿದೆ. ಓಮ್ ಹೆಚ್ಚಿದ್ದಲ್ಲಿ ಹೆಡ್‌ಫೋನಿಗೆ ವೋಲ್ಟೇಜು ಜಾಸ್ತಿ ಸಿಗುತ್ತದೆ. ಕೂಡಿ ಕಳೆದರೆ ಕೆಳಗಿನ ಸ್ವರಗಳು ಸುಮಾರು 1 ಡೆಸಿಬಲ್ ಎತ್ತಿಕೊಳ್ಳುತ್ತವೆ. ಇದನ್ನೇ ಫೋನಿನ ಈಕ್ವಲೈಜರಿನಲ್ಲಿ ಪುಕ್ಕಟೆ ಮಾಡಬಹುದು. ನನ್ನ 32 ಓಮಿನ ಹೆಡ್‌ಫೋನನ್ನು ಅದೇ ಆಂಪಿಗೆ ಹಾಕಿದಾಗ ತಬಲಾದ ಡಗ್ಗಾ ಒದ್ದೆ ಗೋಣಿಚೀಲ ಬಡಿದಂತೆ ಕೇಳಿಸಿತು.

1985ರಲ್ಲಿ ಬಾಬ್ ಕಾರ್ವರ್ ಎಂಬ ಅಮೆರಿಕದ ಆಂಪ್ ತಯಾರಕ ಒಂದು ಪಂಥ ಕಟ್ಟಿದರು. ಸ್ಟೀರಿಯೋಫೈಲ್ ಎಂಬ ಆಡಿಯೊ ಪತ್ರಿಕೆಯವರು ಮೆಚ್ಚಿದ ದುಬಾರಿ ವಾಲ್ವ್ ಆಂಪನ್ನು ಎದುರಿಗಿಟ್ಟುಕೊಂಡು, ತಮ್ಮ ಅಗ್ಗದ ಟ್ರಾನ್ಸಿಸ್ಟರ್ ಆಂಪನ್ನು ಅದರ ದನಿಗೆ ತಿದ್ದಿದರು. ಪತ್ರಿಕೆಯವರಿಗೇ ವ್ಯತ್ಯಾಸ ಹಿಡಿಯಲಾಗಲಿಲ್ಲ. ಬಣ್ಣ ಬೇಕಿದ್ದರೆ ಬಳಿದುಕೊಳ್ಳಬಹುದು, ಅದಕ್ಕೆ ವಾಲ್ವೇ ಆಗಬೇಕಿಲ್ಲ. ಈಗಂತೂ ಕೆಲವು ಅಗ್ಗದ ಆಂಪುಗಳಲ್ಲಿ ವಾಲ್ವಿನ ಕೆಳಗೆ ಕಿತ್ತಳೆ ಬಣ್ಣದ ಎಲ್‌ಇಡಿ ಇಟ್ಟು ಉರಿದಂತೆ ತೋರಿಸುತ್ತಾರೆ!

ಶೆಕೆಯ ಮಾತು ಬೇಡ ಅಂದುಕೊಂಡಿದ್ದೆ, ಆದರೂ ಹೇಳುತ್ತೇನೆ. ಕಾಕಾನ ದೊಡ್ಡ ವಾಲ್ವ್ 6080 ಎಂಬ ನಮೂನೆಯದು. ಅದನ್ನು ರೂಪಿಸಿದ್ದು ಪವರ್ ಸಪ್ಲೈಗಳಲ್ಲಿ ವೋಲ್ಟೇಜು ಹಿಡಿದಿಡಲು, ಸಂಗೀತಕ್ಕಲ್ಲ. ಅದರ ಹೀಟರೊಂದೇ 15 ವ್ಯಾಟಿಗಿಂತ ಜಾಸ್ತಿ ತಿನ್ನುತ್ತದೆ. ಹೆಡ್‌ಫೋನಿಗೆ ಬೇಕಿರುವುದು ಕೆಲವೇ ಮಿಲಿವ್ಯಾಟ್. ಏಪ್ರಿಲ್‌ನಲ್ಲಿ ಹುಬ್ಬಳ್ಳಿಯ ನನ್ನ ಕೋಣೆಗೆ ಅದನ್ನು ತಂದಿಟ್ಟುಕೊಂಡರೆ ಫ್ಯಾನಿನ ಸದ್ದಿನಲ್ಲೇ ಖಯಾಲು ಕೇಳಬೇಕು.

ಕಡೆಗೆ ಮಾಳಮಡ್ಡಿಯಲ್ಲೇ ಪರೀಕ್ಷೆ ಮಾಡಿದೆವು. ಎರಡು ಆಂಪು, ನಡುವೆ ಒಂದು ಸ್ವಿಚ್ಚು, ಕಾಕಾನ ಬೆನ್ನು ನನ್ನ ಕಡೆ. ಮೊದಲ ಸಲ ನಾನು ಸದ್ದಿನ ಮಟ್ಟ ಹೊಂದಿಸಿರಲಿಲ್ಲ, ನನ್ನ ಸಣ್ಣ ಡಬ್ಬಿ ಕೊಂಚ ಜೋರಿತ್ತು. ‘ಇದs ನೋಡು ವಾಲ್ವು, ಎಷ್ಟು ತುಂಬಿ ಬರ್ತದ’ ಅಂತ ಕಾಕಾ ಅದನ್ನೇ ತೋರಿಸಿದರು. ಜೋರಾಗಿದ್ದುದನ್ನು ಕಿವಿ ಚೆನ್ನಾಗಿದೆ ಅನ್ನುತ್ತದೆ, ಎಲ್ಲರ ಕಿವಿಯೂ. ನಾನು ಒಳಗೊಳಗೇ ಹಿಗ್ಗಿದೆ. ಆಮೇಲೆ ಮಲ್ಟಿಮೀಟರ್ ಹಚ್ಚಿ ಎರಡನ್ನೂ ಸಮ ಮಾಡಿದೆ. ಈ ಸಲ ಕಾಕಾ ಒಂದು ಸಲವೂ ತಪ್ಪಲಿಲ್ಲ. ಎಂಟು ಸಲ ಬದಲಿಸಿದೆ, ಎಂಟೂ ಸರಿ. ನನಗೆ ಮಾತೇ ಹೊರಡಲಿಲ್ಲ.

ಚಹಾ ತಂದಿಟ್ಟ ಕಾಕು ಸುಮ್ನೆ ಹೇಳಿದರು: ‘ಹಾಡು ನಿಂತಾಗ ಅವರ ಆಂಪು ಗುಂಯ್ ಅಂತದಲ್ಲೋ, ಅದನ್ನ ಹಿಡಿಲಿಕ್ಕತ್ತಾರ.’

ಕಾಕಾ ಹೆಡ್‌ಫೋನ್ ತೆಗೆಯಲಿಲ್ಲ. ‘ಖರೇ ತಂಬೂರಿನೂ ಗುಂಯ್ ಅಂತದ’ ಅಂದರು.