ಒಂದು ಷೇರು, ನಾಲ್ಕು ಜಾತಕ

ನಮ್ಮೂರಿನ ಮೇಷ್ಟ್ರು ಶಾಲೆಗೆ ಸೇರಿದ ಎಲ್ಲಾ ಮಕ್ಕಳ ಹುಟ್ಟಿದ ದಿನವನ್ನೂ ಜೂನ್ 1 ಅಂತ ಬರೆದುಬಿಡುತ್ತಿದ್ದರು. ಅಪ್ಪನಿಗೂ ಜೂನ್ 1, ಚಿಕ್ಕಪ್ಪನಿಗೂ ಜೂನ್ 1. ನಾವು ಎಷ್ಟು ನಕ್ಕಿದ್ದೇವೋ ಲೆಕ್ಕವಿಲ್ಲ. ತಾತನ ಟ್ರಸ್ಟಿನ 2024-25ರ ಆದಾಯ ತೆರಿಗೆ ರಿಟರ್ನ್ ತುಂಬಲು ಕೂತ ಮೇಲೆ ಅನಿಸಿತು, ಆ ಮೇಷ್ಟ್ರು ಹಳ್ಳಿಯಲ್ಲಿ ಇರಬೇಕಾದವರೇ ಅಲ್ಲ. ದಿಲ್ಲಿಯಲ್ಲಿ ಕೂತು ತೆರಿಗೆ ಕಾನೂನು ಬರೆಯಬೇಕಿತ್ತು.

ಟ್ರಸ್ಟ್ ಅಂದ ಕೂಡಲೇ ಮೆಡಿಕಲ್ ಕಾಲೇಜು ಅಂದುಕೊಳ್ಳಬೇಡಿ. ತಾತ 2012ರಲ್ಲಿ 25 ಇನ್ಫೋಸಿಸ್ ಷೇರು ಕೊಂಡಿದ್ದರು. ಕಂಪನಿ 2014ರಲ್ಲಿ ಇದ್ದ ಒಂದು ಷೇರಿಗೆ ಇನ್ನೊಂದು ಪುಕ್ಕಟೆ ಅಂತ ಬೋನಸ್ ಕೊಟ್ಟಿತು, 50 ಆಯಿತು. 2015ರಲ್ಲಿ ಮತ್ತೆ ಕೊಟ್ಟಿತು, 100 ಆಯಿತು. 2016ರಲ್ಲಿ ತಾತ ಮೊಮ್ಮಕ್ಕಳ ಓದಿಗೆ ಅಂತ ಡೀಡ್ ಬರೆಸಿ ಎಲ್ಲವನ್ನೂ ಟ್ರಸ್ಟಿಗೆ ವರ್ಗಾಯಿಸಿದರು. 2018ರಲ್ಲಿ ಇನ್ನೊಂದು ಬೋನಸ್. ಒಟ್ಟು 200. ನಾನು ಟ್ರಸ್ಟಿ. 2024ರ ಜೂನಿನಲ್ಲಿ ಮೊದಲು ಬಂದಿದ್ದ 100 ಮಾರಿದೆ, ಆಗಸ್ಟಿನಲ್ಲಿ ಉಳಿದ 100. ಎರಡೇ ಎರಡು ಮಾರಾಟ. ಸಂತೆಯಲ್ಲಿ ಹುಣಸೆಹಣ್ಣು ಮಾರುವ ಅಜ್ಜಿ ಇದಕ್ಕಿಂತ ಜಾಸ್ತಿ ವ್ಯಾಪಾರ ಮಾಡುತ್ತಾಳೆ.

ಆದರೆ ಈ ಎರಡು ಮಾರಾಟಕ್ಕೆ ನಾಲ್ಕು ಜಾತಕ. ಷೇರು ಕೊಂಡಾಗ ಬ್ರೋಕರ್ ಕೊಡುವ ರಸೀದಿ, ಅಂದರೆ ತಾತನ ಹಳೇ ಕಾಂಟ್ರಾಕ್ಟ್ ನೋಟ್ ಪ್ರಕಾರ ಷೇರು ಹುಟ್ಟಿದ್ದು 2012ರಲ್ಲಿ. ಬ್ರೋಕರ್ ಕಳಿಸಿದ ಪಟ್ಟಿಯ ಪ್ರಕಾರ 2016ರಲ್ಲಿ, ಅದೂ ಸೊನ್ನೆ ರೂಪಾಯಿಗೆ, ಆಕಾಶದಿಂದ ಉದುರಿದವು. ತೆರಿಗೆ ಇಲಾಖೆಯ ಎಐಎಸ್ ಅನ್ನುವ ವಾರ್ಷಿಕ ಮಾಹಿತಿ ಪಟ್ಟಿಯಲ್ಲಿ ಹುಟ್ಟಿನ ಸುದ್ದಿಯೇ ಇಲ್ಲ, ಸಾವಿನ ದಿನ ಮಾತ್ರ ಇದೆ. ಮಾರಿದ ಬೆಲೆಯಾದರೂ ಸರಿ ಇದೆಯಾ ಅಂದರೆ, ಅದು ಆ ದಿನ ಮಾರುಕಟ್ಟೆ ಮುಚ್ಚಿದಾಗಿನ ಬೆಲೆಯ ಅಂದಾಜು. ನಾನು ಮಾರಿದ್ದು ಬೆಳಿಗ್ಗೆ, ಕಾಫಿ ಕುಡಿಯುತ್ತಾ. ನಾಲ್ಕನೆಯದು ಬ್ಯಾಂಕ್ ಪಾಸ್‌ಬುಕ್. ಅಲ್ಲಿಗೆ ಬಂದದ್ದು ಬ್ರೋಕರೇಜ್, ಜಿಎಸ್‌ಟಿ, ಎಸ್‌ಟಿಟಿ (ಷೇರು ವಹಿವಾಟಿನ ಮೇಲಿನ ತೆರಿಗೆ) ಎಲ್ಲಾ ಕಳೆದು ಉಳಿದ ದುಡ್ಡು. ಹಾಗಂತ ಎಲ್ಲವನ್ನೂ ಖರ್ಚು ಅಂತ ತೋರಿಸುವ ಹಾಗಿಲ್ಲ. ಬ್ರೋಕರೇಜ್ ಕಳೆಯಬಹುದು, ಎಸ್‌ಟಿಟಿ ಕಳೆಯಬಾರದು. ಯಾಕೆ ಅಂತ ಕೇಳಿದರೆ ಆಡಿಟರ್ ನಕ್ಕು ಸುಮ್ಮನಾದರು.

ಇಷ್ಟರ ಮೇಲೆ ಕಾನೂನಿನ ಜೂನ್ 1 ಬೇರೆ ಇದೆ. ಅದರ ಹೆಸರು 2018ರ ಜನವರಿ 31. ಅದಕ್ಕೆ ಮೊದಲು ಹುಟ್ಟಿದ ಷೇರಾದರೆ, ಆ ದಿನದ ಗರಿಷ್ಠ ಬೆಲೆ ಮತ್ತು ಮಾರಿದ ಬೆಲೆ, ಇವೆರಡರಲ್ಲಿ ಕಡಿಮೆಯದನ್ನು ಹಿಡಿಯಬೇಕು. ಅದನ್ನು ನಿಜವಾಗಿ ಕೊಂಡ ಬೆಲೆಯ ಪಕ್ಕ ಇಡಬೇಕು. ಎರಡರಲ್ಲಿ ಯಾವುದು ಜಾಸ್ತಿಯೋ ಅದೇ ಕೊಂಡ ಬೆಲೆ. ನಮ್ಮ ಅಜ್ಜಿ ಬೀಗರ ಕಡೆಯ ಸಂಬಂಧ ಬಿಡಿಸಿ ಹೇಳುವಾಗಲೂ ಇಷ್ಟು ಸುತ್ತುತ್ತಿರಲಿಲ್ಲ.

ಫಲ ಕೇಳಿ. ತಾತ ಕೊಂಡ 25 ಷೇರಿಗೆ ಒಂದೊಂದಕ್ಕೂ ಎರಡು ಸಾವಿರದ ಮೇಲೆ ಕೊಟ್ಟಿದ್ದರು. ಜೂನಿನಲ್ಲಿ ಮಾರಿದ್ದು ಒಂದೂವರೆ ಸಾವಿರದ ಆಸುಪಾಸು. ಹಾಗಾಗಿ ಅವು ನಷ್ಟ! 25 ಇದ್ದದ್ದು 200 ಆಗಿದೆ, ಆದರೂ ಹಿರಿಯಣ್ಣಂದಿರು ಕಾಗದದಲ್ಲಿ ದಿವಾಳಿ. 2014, 2015ರ ಬೋನಸ್ 75 ಪುಕ್ಕಟೆ ಬಂದವು, ಆದರೆ ಜನವರಿ 31ಕ್ಕೆ ಮೊದಲು ಹುಟ್ಟಿದ್ದರಿಂದ ಸಾವಿರ ಚಿಲ್ಲರೆ ಕೊಟ್ಟು ಕೊಂಡ ಹಾಗೆ ಲೆಕ್ಕ. 2018ರ ಬೋನಸ್ 100 ಕೂಡ ಪುಕ್ಕಟೆಯೇ. ಪಾಪ, ಸೆಪ್ಟೆಂಬರಿನಲ್ಲಿ ಹುಟ್ಟಿದವು. ಅವುಗಳ ಕೊಂಡ ಬೆಲೆ ಸೊನ್ನೆ, ಮಾರಿದ್ದೆಲ್ಲಾ ಲಾಭ. ಒಂದೇ ಕಂಪನಿ, ಒಂದೇ ಡಿಮ್ಯಾಟ್ ಖಾತೆ, ಮೂರು ಜಾತಿ.

ಈ ಮಧ್ಯೆ 2024ರ ಜುಲೈ 23ಕ್ಕೆ ಬಜೆಟ್ ಬಂತು. ಅದಕ್ಕೆ ಮೊದಲು ಮಾರಿದ್ದರ ಲಾಭಕ್ಕೆ ತೆರಿಗೆ ಶೇ. 10, ಆಮೇಲೆ ಮಾರಿದ್ದಕ್ಕೆ ಶೇ. 12.5. ಆಗಸ್ಟಿನಲ್ಲಿ ಹೋದದ್ದು ಅದೇ ಸೊನ್ನೆ ಬೆಲೆಯ ತಮ್ಮಂದಿರು. ಶನಿ ಇದ್ದವರಿಗೆ ರಾಹುವೂ ಇರುತ್ತಾನೆ, ಅಲ್ವಾ?

ಬ್ರೋಕರ್ ಆಫೀಸಿಗೆ ಫೋನ್ ಮಾಡಿ ತಾತನ ಕೊಂಡ ಬೆಲೆಯನ್ನೇ ಹಾಕಿ ಅಂದೆ. "ಸರ್, ಸಿಸ್ಟಮ್‌ನಲ್ಲಿ ಟ್ರಸ್ಟಿಗೆ ತಾತ ಇಲ್ಲ" ಅಂದಳು ಆ ಹುಡುಗಿ. ಆದರೆ ಕಾನೂನಿನಲ್ಲಿ ಇದ್ದಾರೆ. ಟ್ರಸ್ಟಿಗೆ ಕೊಟ್ಟ ಷೇರಿನ ಬೆಲೆ ಕೊಟ್ಟವರು ಕೊಂಡ ಬೆಲೆಯೇ. ಕೊನೆಗೆ ಅಟ್ಟದ ಟ್ರಂಕಿನಲ್ಲಿ, ಪಂಚಾಂಗಗಳ ಕೆಳಗೆ ಕಾಂಟ್ರಾಕ್ಟ್ ನೋಟ್ ಸಿಕ್ಕಿತು. ಅಂಕಿಗಳನ್ನು ಗೆದ್ದಲು ಮುಟ್ಟಿರಲಿಲ್ಲ. ಅದಕ್ಕೂ ಅರ್ಥವಾಗಿರಲಿಕ್ಕಿಲ್ಲ.

ಚಿಕ್ಕಪ್ಪ ದಿನಾ ಸಂಜೆ ಫೋನ್ ಮಾಡುತ್ತಿದ್ದರು. "ಏನೋ, ಎರಡು ಸಲ ಮಾರಿದ್ದಕ್ಕೆ ಎರಡು ತಿಂಗಳು ಲೆಕ್ಕನಾ? ನನ್ನ ಮಗಳ ಫೀಸು ಕಟ್ಟಬೇಕು ಕಣೋ."

ಎಐಎಸ್‌ನಲ್ಲಿ ನಮ್ಮ ಅಭಿಪ್ರಾಯ ಹೇಳಲು ಅವಕಾಶ ಇದೆ. ಮಾಹಿತಿ ಸರಿ ಇದೆ, ಪೂರ್ತಿ ಸರಿ ಇಲ್ಲ, ಇದು ಬೇರೆಯವರದು, ಎರಡು ಸಲ ಬಂದಿದೆ, ನಾನು ಒಪ್ಪುವುದಿಲ್ಲ. 'ಪೂರ್ತಿ ಸರಿ ಇಲ್ಲ' ಅನ್ನುವುದನ್ನು ಒತ್ತಿ, ನಿಜವಾದ ಬೆಲೆ ತುಂಬಿ, ರಿಟರ್ನ್ ಹಾಕಿದೆವು.

ಕೆಲವು ವಾರ ಕಳೆದು ಮೊಬೈಲಿಗೆ ಸಂದೇಶ ಬಂತು. ನಿಮ್ಮ ರಿಟರ್ನಿಗೂ ನಮ್ಮಲ್ಲಿರುವ ಮಾಹಿತಿಗೂ ತಾಳೆಯಾಗುತ್ತಿಲ್ಲ ಅಂತ. ಗಾಬರಿಯಾಗಿ ಆಡಿಟರಿಗೆ ತೋರಿಸಿದೆ. ಅವರು ಕನ್ನಡಕ ಏರಿಸಿ ಓದಿದರು.

"ಸರಿಯಾಗೇ ಇದೆಯಲ್ಲ ಸಾರ್. ನಾವು ಹೇಳಿದ್ದೂ ಅದನ್ನೇ."