ಪಕ್ಕದ ಶಾಲೆ ಸೋತರೆ ನಮ್ಮ ಶಾಲೆ ದೊಡ್ಡದು

ಅಮೆರಿಕದ ಟೆಕ್ಸಸ್ ರಾಜ್ಯದಲ್ಲಿ ಹೈಸ್ಕೂಲು ಹುಡುಗರ ಫುಟ್‌ಬಾಲನ್ನು, ಅಂದರೆ ಮೊಟ್ಟೆಯಾಕಾರದ ಚೆಂಡನ್ನು ಬಗಲಿಗೆ ಅವುಚಿಕೊಂಡು ಎದುರಾಳಿಗೆ ಡಿಕ್ಕಿ ಹೊಡೆಯುವ ಆ ಆಟವನ್ನು, ಯೂನಿವರ್ಸಿಟಿ ಇಂಟರ್‌ಸ್ಕೊಲಾಸ್ಟಿಕ್ ಲೀಗ್ ಎಂಬ ಸಂಸ್ಥೆ ನಡೆಸುತ್ತದೆ. ಸ್ಪೆಲಿಂಗ್ ಸ್ಪರ್ಧೆಯನ್ನೂ ಏಕಾಂಕ ನಾಟಕಗಳ ಸ್ಪರ್ಧೆಯನ್ನೂ ನಡೆಸುವುದು ಇದೇ ಸಂಸ್ಥೆಯಾದ್ದರಿಂದ, ಫುಟ್‌ಬಾಲಿನ ನಿಯಮಾವಳಿಯಲ್ಲಿ ಒಂದಿಷ್ಟು ನಾಟಕ ಸೇರಿಕೊಂಡಿದ್ದರೆ ಯಾರೂ ಆಕ್ಷೇಪಿಸಬಾರದು.

ಎರಡು ವರ್ಷಕ್ಕೊಮ್ಮೆ ವಿದ್ಯಾರ್ಥಿಗಳ ತಲೆ ಎಣಿಸಿ ಶಾಲೆಗಳನ್ನು 1ಎಯಿಂದ 6ಎವರೆಗೆ ಆರು ವರ್ಗಗಳಲ್ಲಿ ಕೂರಿಸಲಾಗುತ್ತದೆ. 2024ರ ಪಟ್ಟಿಯ ಪ್ರಕಾರ 2,275 ಅಥವಾ ಅದಕ್ಕಿಂತ ಹೆಚ್ಚು ಮಕ್ಕಳಿದ್ದರೆ 6ಎ. 105ಕ್ಕಿಂತ ಕಡಿಮೆಯಿದ್ದರೆ 1ಎ. ಹನ್ನೊಂದು ಹುಡುಗರನ್ನು ಒಟ್ಟುಹಾಕುವುದೇ ಕಷ್ಟವಾದ ಈ ಪುಟ್ಟ ಶಾಲೆಗಳು 80 ಗಜದ ಮೈದಾನದಲ್ಲಿ ಆರಾರು ಜನರ ಆಟ ಆಡುತ್ತವೆ, ಮತ್ತು ಅರ್ಧ ಪಂದ್ಯ ಮುಗಿದ ಮೇಲೆ ಒಂದು ತಂಡ 45 ಅಂಕ ಮುಂದಿದ್ದರೆ ಎಲ್ಲರನ್ನೂ ಮನೆಗೆ ಕಳಿಸಲಾಗುತ್ತದೆ. ಇಡೀ ನಿಯಮಾವಳಿಯಲ್ಲಿ ವಿವೇಕ ಕಣ್ಣಿಗೆ ಬೀಳುವ ಜಾಗ ಇದು. ದೊಡ್ಡ ಶಾಲೆಗಳಿಗೆ ಆ ಭಾಗ್ಯವಿಲ್ಲ.

6ಎ ವರ್ಗದಲ್ಲಿ ಪ್ರತಿ ಡಿಸ್ಟ್ರಿಕ್ಟ್‌ನಿಂದ, ಅಂದರೆ ತಮ್ಮತಮ್ಮಲ್ಲೇ ಆಡುವ ಕೆಲವು ಶಾಲೆಗಳ ಗುಂಪಿನಿಂದ, ನಾಲ್ಕು ತಂಡಗಳು ಪ್ಲೇಆಫ್‌ಗೆ, ಅಂದರೆ ಸೋತವರು ಹೊರಬೀಳುವ ಕೊನೆಯ ಸುತ್ತುಗಳಿಗೆ, ಹೋಗುತ್ತವೆ. ಆ ನಾಲ್ಕರಲ್ಲಿ ಹೆಚ್ಚು ವಿದ್ಯಾರ್ಥಿಗಳಿರುವ ಎರಡು ಶಾಲೆಗಳು ಒಂದನೇ ಡಿವಿಷನ್ನಿಗೆ, ಉಳಿದೆರಡು ಎರಡನೇ ಡಿವಿಷನ್ನಿಗೆ. ಕೆಳಗಿನ ವರ್ಗಗಳಲ್ಲಿ ಈ ವಿಂಗಡಣೆ ಪಂದ್ಯಗಳು ಶುರುವಾಗುವ ಮೊದಲೇ ಮುಗಿದಿರುತ್ತದೆ. ಇಲ್ಲಿ ಮಾತ್ರ ಯಾರು ದೊಡ್ಡವರು ಎಂಬುದು ಯಾರು ಗೆದ್ದರು ಎಂದು ತಿಳಿದ ಮೇಲೆಯೇ ನಿರ್ಧಾರವಾಗಬೇಕು. 2,600 ಮಕ್ಕಳ ಒಂದು ಶಾಲೆ ಇದೆ ಎಂದಿಟ್ಟುಕೊಳ್ಳಿ. ಅದರ ಜೊತೆಗೆ 3,400, 2,900 ಮತ್ತು 2,400 ಮಕ್ಕಳ ಶಾಲೆಗಳು ಅರ್ಹತೆ ಪಡೆದರೆ ಅದು ಸಣ್ಣ ಶಾಲೆ. ಕೊನೆಯ ಶುಕ್ರವಾರ ರಾತ್ರಿ 2,900ರ ಶಾಲೆ ಎಡವಿ, ಅದರ ಜಾಗಕ್ಕೆ 2,300ರ ಶಾಲೆಯೊಂದು ನುಗ್ಗಿತೋ, ನಮ್ಮ ಶಾಲೆ ಒಬ್ಬ ಹುಡುಗನನ್ನೂ ಹೊಸದಾಗಿ ಸೇರಿಸಿಕೊಳ್ಳದೆ ಬೆಳಗಾಗುವುದರೊಳಗೆ ದೊಡ್ಡ ಶಾಲೆಯಾಗಿಬಿಡುತ್ತದೆ. ಆದ್ದರಿಂದ ಕೋಚ್ ಮಹಾಶಯರು ತಮ್ಮ ಪಂದ್ಯ ನೋಡುತ್ತಲೇ ಪಕ್ಕದೂರಿನ ಸ್ಕೋರಿಗೂ ಕಿವಿಗೊಡಬೇಕಾಗುತ್ತದೆ, ಮತ್ತು ದೊಡ್ಡವರ ಸಾಲಿಗೆ ಬೀಳದಿರಲು, ವರ್ಷವಿಡೀ ಹಲ್ಲು ಮಸೆದ ಬದ್ಧವೈರಿಯೇ ಗೆಲ್ಲಲೆಂದು ಗುಟ್ಟಾಗಿ ಹರಕೆ ಹೊರಬೇಕಾಗುತ್ತದೆ. ಡಿಸ್ಟ್ರಿಕ್ಟಿನಲ್ಲಿ ಎಲ್ಲರನ್ನೂ ಮಣಿಸಿ ಮೊದಲ ಸ್ಥಾನ ಪಡೆದ ಶಾಲೆ ತಲೆ ಎಣಿಕೆಯಲ್ಲಿ ಸೋತು ಎರಡನೇ ಡಿವಿಷನ್ನಿಗೆ ಇಳಿಯಬಹುದು. ಅದರ ಕೈಯಲ್ಲೇ ಹೊಡೆತ ತಿಂದು ನಾಲ್ಕನೆಯದಾದ ಶಾಲೆ ಒಂದನೇ ಡಿವಿಷನ್ನಿನ ಗತ್ತಿನಲ್ಲಿ ಬಸ್ಸು ಹತ್ತಬಹುದು. ಡಿಸೆಂಬರಿನಲ್ಲಿ ಆರ್ಲಿಂಗ್ಟನ್ನಿನ ಭಾರೀ ಕ್ರೀಡಾಂಗಣದಲ್ಲಿ ಎರಡೂ ಡಿವಿಷನ್ನುಗಳಿಗೆ ಬೇರೆಬೇರೆ ಫೈನಲ್ ನಡೆಯುತ್ತದೆ, ಮತ್ತು ಗೆದ್ದ ಆ ಇಬ್ಬರು ಪರಸ್ಪರ ಮುಖಾಮುಖಿಯಾಗದಂತೆ ಎಚ್ಚರ ವಹಿಸಲಾಗಿದೆ. ಎಲ್ಲ ವರ್ಗ, ಎಲ್ಲ ಡಿವಿಷನ್ ಸೇರಿ ಒಂದೇ ರಾಜ್ಯಕ್ಕೆ 12 ಮಂದಿ ಚಾಂಪಿಯನ್ನರು.

ಹಿಂದೆ ಇಷ್ಟು ಧಾರಾಳತನ ಇರಲಿಲ್ಲ. 1988ರಲ್ಲಿ ಅತಿ ದೊಡ್ಡ ವರ್ಗದಲ್ಲೂ ಡಿಸ್ಟ್ರಿಕ್ಟಿಗೆ ಎರಡೇ ಸ್ಥಾನ. ಪಶ್ಚಿಮ ಟೆಕ್ಸಸ್ಸಿನ ಪರ್ಮಿಯನ್, ಮಿಡ್‌ಲ್ಯಾಂಡ್ ಲೀ ಮತ್ತು ಮಿಡ್‌ಲ್ಯಾಂಡ್ ಹೈ ಶಾಲೆಗಳು ಸಮಸಮವಾಗಿ ನಿಂತಾಗ, ಮೂವರು ಕೋಚ್‌ಗಳು ನಡುರಾತ್ರಿ ದಾಟಿದ ಮೇಲೆ ಲಾರಿಗಳು ತಂಗುವ ಹೆದ್ದಾರಿ ಬದಿಯ ತಾಣವೊಂದರಲ್ಲಿ, ಟಿವಿ ಕ್ಯಾಮೆರಾಗಳ ಎದುರು, ತಲಾ ಒಂದು ನಾಣ್ಯ ಚಿಮ್ಮಿದರು. ಯಾರ ನಾಣ್ಯ ಉಳಿದೆರಡಕ್ಕಿಂತ ಬೇರೆ ಮುಖ ತೋರಿಸಿತೋ ಆ ಮಿಡ್‌ಲ್ಯಾಂಡ್ ಹೈ ಹೊರಬಿತ್ತು. ಇಡೀ ಋತುವಿನ ಬೆವರನ್ನು ನಾಣ್ಯವೊಂದು ಒರೆಸಿ ಹಾಕಿತು ನಿಜ, ಆದರೆ ಅದು ಯಾರ ಹಾಜರಿ ಪುಸ್ತಕವನ್ನೂ ಕೇಳಲಿಲ್ಲ.

ಈಗ ನಾಲ್ಕು ಸ್ಥಾನ. ಐದೇ ಶಾಲೆಗಳಿರುವ ಡಿಸ್ಟ್ರಿಕ್ಟಿಗೂ ನಾಲ್ಕೇ. ಹಾಗಾಗಿ ಅಂಥ ಕಡೆ ಆಗಸ್ಟ್ ಕೊನೆಯಿಂದ ನವೆಂಬರ್‌ವರೆಗೆ ಹುಡುಗರು ಮೈಕೈ ನೋಯಿಸಿಕೊಂಡು ಆಡುವುದೆಲ್ಲ ಮನೆಗೆ ಹೋಗಬೇಕಾದ ಒಂದೇ ಒಂದು ಶಾಲೆಯನ್ನು ಹುಡುಕುವುದಕ್ಕಾಗಿ. ಡಿಸ್ಟ್ರಿಕ್ಟಿನಲ್ಲಿ ಒಂದೇ ಒಂದು ಪಂದ್ಯ ಗೆದ್ದ ತಂಡಕ್ಕೂ ಬಾಗಿಲು ತೆರೆದಿರುತ್ತದೆ. ಒಳಗೆ ಹೋದ ಮೇಲೆ ಮೊದಲ ಸುತ್ತಿನ ಪಂದ್ಯವೊಂದನ್ನು ಹೇಗೋ ಗೆದ್ದರೆ ಸಾಕು, ‘ಬೈ-ಡಿಸ್ಟ್ರಿಕ್ಟ್ ಚಾಂಪಿಯನ್’, ಅಂದರೆ ಎರಡು ಡಿಸ್ಟ್ರಿಕ್ಟುಗಳ ಚಾಂಪಿಯನ್, ಎಂಬ ಬಿರುದು ಖಚಿತ. ಮುಂದಿನ ವಾರ ಐವತ್ತು ಅಂಕಗಳಿಂದ ಸೋತು ಬಂದರೂ ಆ ಬಿರುದನ್ನು ಯಾರೂ ಕಿತ್ತುಕೊಳ್ಳುವುದಿಲ್ಲ.