ಕಾಲು ನೆಲಕ್ಕೆ ಅಂಟುತ್ತಿದ್ದ ಆ ಲಿಯಾನ್

'ರೆಸಿಡೆಂಟ್ ಈವಿಲ್ 4' ವಿಡಿಯೋ ಗೇಮ್‌ನ 2023ರ ರೀಮೇಕ್ ಎಲ್ಲದರಲ್ಲೂ ಹಳೆಯದನ್ನು ಮೀರಿಸಿದೆ ಎಂದು ಬರೆದಿದ್ದೀರಿ. ನಾನು ಅರ್ಧ ಒಪ್ಪುತ್ತೇನೆ. 2005ರ ಮೂಲ ಆಟವನ್ನು ಪ್ಲೇಸ್ಟೇಷನ್ 2ರಲ್ಲಿ ಎಷ್ಟು ಸಲ ಮುಗಿಸಿದ್ದೇನೋ, ಲೆಕ್ಕ ಇಟ್ಟಿಲ್ಲ. ಅದರಲ್ಲಿ ಗುರಿ ಹಿಡಿದರೆ ಮುಗೀತು, ನಾವು ಆಡಿಸುವ ನಾಯಕ ಲಿಯಾನ್ ಒಂದು ಹೆಜ್ಜೆಯೂ ಇಡುವಂತಿಲ್ಲ. ಮೊದಲ ಹಳ್ಳಿಯಲ್ಲಿ ತಲೆಗೆ ಗೋಣಿಚೀಲ ಹಾಕಿಕೊಂಡವನು ಗರಗಸ ಗುರ್ ಅನ್ನಿಸುತ್ತಾ ಬರುತ್ತಾನೆ. ಇನ್ನೊಂದು ಗುಂಡು ಹೊಡೆಯಲಾ, ತಿರುಗಿ ಓಡಲಾ? ಆ ಅರೆಕ್ಷಣ ಇತ್ತಲ್ಲ, ಭಯ ಇದ್ದದ್ದೇ ಅಲ್ಲಿ. ಈಗ ರೀಮೇಕ್‌ನಲ್ಲಿ ನಡೆಯುತ್ತಲೇ ಗುಂಡು ಹಾರಿಸಬಹುದು. ಚಾಕು ಅಡ್ಡ ಹಿಡಿದು ಗರಗಸವನ್ನೇ ತಡೆಯಬಹುದು! ಸುಲಭ ಅಂತಲ್ಲ, ಚಾಕು ಸವೆದು ಮುರಿಯುತ್ತದೆ, ಹಳ್ಳಿಯವರು ಇನ್ನೂ ಜಾಸ್ತಿ ಮೈಮೇಲೆ ಬೀಳುತ್ತಾರೆ. ಆದರೆ ಆ ಹಳೆಯ ನಡುಕವೇ ಬೇರೆ.

ಖಳ ಕ್ರೌಸರ್ ಜೊತೆಗಿನ ಚಾಕು ಕಾಳಗ ಮಾತ್ರ ಈಗಿನದೇ ಚೆನ್ನ. ಮೊದಲು ಪರದೆ ಮೇಲೆ ಕಂಡ ಬಟನ್ ಒತ್ತುವುದಷ್ಟೇ ಕೆಲಸ. ಈಗ ನಿಜಕ್ಕೂ ಕಾದಾಡಬೇಕು.

ಇನ್ನು ಆ ನಾಯಿ. ಹಳೆಯ ಆಟದ ಶುರುವಿನಲ್ಲೇ ಬೋನಿಗೆ ಕಾಲು ಸಿಕ್ಕಿಸಿಕೊಂಡಿದ್ದ ನಾಯಿಯನ್ನು ಬಿಡಿಸಬಹುದಿತ್ತು. ಈಗಲೂ ಬಿಡಿಸಲು ಓಡಿ ಹೋದೆ. ಸತ್ತು ಬಿದ್ದಿತ್ತು. ಹಳಬರನ್ನು ಹೀಗೆ ಗೋಳು ಹೊಯ್ಕೋಬಾರದು ಅಲ್ವಾ? ಮುಂದೆ ಇನ್ನೊಂದು ನಾಯಿ ಸಿಕ್ಕಿದಾಗಲೇ ಸಮಾಧಾನ ಆಗಿದ್ದು.

ಒಂದು ಸುಖ ಮಾತ್ರ ಹಾಗೇ ಇದೆ. ಬಂದೂಕನ್ನು ಅಡ್ಡ, ಉದ್ದ ತಿರುಗಿಸಿ, ಲಿಯಾನ್ ಸಾಮಾನು ಇಟ್ಟುಕೊಳ್ಳುವ ಪೆಟ್ಟಿಗೆಯಲ್ಲಿ ಒಂದು ಕೋಳಿಮೊಟ್ಟೆಗೆ ಜಾಗ ಮಾಡುವುದು. ನಿನ್ನೆ ಅದರಲ್ಲೇ ಹತ್ತು ನಿಮಿಷ ಕಳೆದೆ.